ಕಾಲುವೆ ಏರಿ ಮೇಲೊಂದು ಥಾಯ್ ಪಂಕ್ತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಫೋನು ಮಾಡಿದವನು ನಾನೇ. ಎಚ್.ಡಿ. ಕೋಟೆ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನ ಗಾಜಿನ ಗೂಡೊಳಗೆ ನಿಂತು, ಮೂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಹಿನ್ನೀರಿನ ದಂಡೆಯ ರೆಸಾರ್ಟಿನ ಮ್ಯಾನೇಜರರ ದನಿಯಲ್ಲಿ, "ಭಾನುವಾರ ಹನ್ನೆರಡು ಜನ ಫಾರಿನ್ ಗೆಸ್ಟುಗಳು ನಿಮ್ಮಲ್ಲಿ ಲಂಚಿಗೆ ಬರ್ತಾರೆ, ಫುಲ್ ಥಾಯ್ ಊಟವೇ ಆಗ್ಬೇಕು, ಓಕೆ?" ಎಂದದ್ದು ನಾನು. ಆ ಮ್ಯಾನೇಜರರು ಪ್ರತಿ ಮಾತಿನ ಕೊನೆಗೂ 'ಓಕೆ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ 'ಓಕೆ ಓಕೆ' ಎಂದು ಮುಗಿಸುತ್ತಿದ್ದರು. ಅದನ್ನೂ ಬಿಡದೆ ಮಾಡಿದೆ. ಬೂತಿನಲ್ಲಿ ಕೂತಿದ್ದ ಗೆಳೆಯ ನಕ್ಕೂ ನಕ್ಕೂ ಮೀಟರಿನ ಚೀಟಿ ಹರಿಯುವುದನ್ನೇ ಮರೆತ. ನನಗೆ ಬೇಕಿದ್ದದ್ದು ಅವನ ಆ ನಗು, ಅಷ್ಟೇ. ಬೇರೆ ಏನೋ ಘನವಾದ ಉದ್ದೇಶವಿತ್ತು ಎಂದರೆ ಅದೂ ಮಿಮಿಕ್ರಿಯೇ ಆದೀತು.

ಆಗ ನನಗೆ ಇಪ್ಪತ್ತೊಂದು. ಹುಣಸೂರಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ, ಎಲ್ಲ ಮೇಷ್ಟ್ರುಗಳ ದನಿ ಕಲಿತು, ಅವರು ಹೇಳಿದ ಪಾಠವೊಂದನ್ನು ಮಾತ್ರ ಕಲಿಯದೆ ಊರು ಸೇರಿದ್ದೆ. ನಮ್ಮ ಊರು ಬೀಚನಹಳ್ಳಿಗೆ ಎರಡು ಮೈಲಿ. ದನದ ಡಾಕ್ಟರು ಎಮ್ಮೆಯ ಹಿಂದೆ ನಿಂತು ನಿಟ್ಟುಸಿರು ಬಿಡುವುದು, ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವಾಗ ಆಕಾಶ ನೋಡುವುದು, ನಮ್ಮಪ್ಪ ಬೈಯುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಎಲ್ಲವೂ ನನ್ನ ಹತ್ತಿರ ಸದಾ ತಯಾರಿರುತ್ತಿದ್ದವು. ಅಪ್ಪನ ಆ ಗಂಟಲನ್ನು ಕೊಟ್ಟಿಗೆಯ ಬಾಗಿಲಲ್ಲಿ ಮಾಡಿದರೆ ಮಲಗಿದ್ದ ಎತ್ತುಗಳು ಎದ್ದು ನಿಲ್ಲುತ್ತಿದ್ದವು. ಸ್ವಂತ ದನಿಯಲ್ಲಿ ಒಂದು ಮಾತಾಡು ಎಂದರೆ ಮಾತ್ರ ನನಗೆ ಏನು ಮಾಡಬೇಕೋ ತೋಚುತ್ತಿರಲಿಲ್ಲ.

ನಾನು ಫೋನು ಮಾಡಿದ ಆ ಥಾಯ್ ಹೋಟೆಲು ಇದ್ದ ಜಾಗ ಹೇಳಿದರೆ ನೀವು ನಂಬಲಿಕ್ಕಿಲ್ಲ. ಅಣೆಕಟ್ಟೆಗೆ ಹೋಗುವ ಟಾರು ರಸ್ತೆ ಬಿಟ್ಟು, ಕಾಲುವೆಯ ಏರಿ ಮೇಲೆ ಅರ್ಧ ಮೈಲಿ ನಡೆದರೆ, ನೀರಾವರಿಯವರು ಒಂದು ಕಾಲಕ್ಕೆ ಸಿಮೆಂಟು ಮೂಟೆ ಇಡುತ್ತಿದ್ದ ಶೀಟಿನ ಶೆಡ್ಡು. ಅವರ ಕಾಲದ ಫೋನೊಂದೂ ಅಲ್ಲೇ ಉಳಿದಿತ್ತು. ದಾರಿ ತಪ್ಪಿದ ಎಮ್ಮೆಗಳನ್ನು ಬಿಟ್ಟರೆ ಅಲ್ಲಿಗೆ ಯಾರೂ ತಾವಾಗಿ ಹೋಗುತ್ತಿರಲಿಲ್ಲ. ಬಾಗಿಲ ಮೇಲೆ 'ಇಲ್ಲಿ ಥಾಯ್ ಊಟ ದೊರೆಯುತ್ತದೆ' ಎಂಬ ಬೋರ್ಡು. ಅದನ್ನು ಬರೆದವನು ಸರಗೂರಿನಲ್ಲಿ ಟ್ರ್ಯಾಕ್ಟರುಗಳಿಗೆ ನಂಬರು ಬರೆಯುತ್ತಿದ್ದ ಪೇಂಟರು. ಥಾಯ್ಲೆಂಡಿನಲ್ಲಿ ಆನೆ ಇವೆ ಎಂದು ಯಾರೋ ಹೇಳಿದ್ದಕ್ಕೆ ಒಂದು ಆನೆ ಬರೆದ. ಜಾಗ ಉಳಿಯಿತೆಂದು ಒಂದು ಸೂರ್ಯ ಬರೆದ. ಕೊನೆಗೆ ಕೈ ತಡೆಯದೆ, ಅಭ್ಯಾಸಬಲದಿಂದ, ಕೆಳಗೆ ದಪ್ಪಕ್ಷರದಲ್ಲಿ 'ಹಾರನ್ ಮಾಡಿ' ಎಂದೂ ಬರೆದುಬಿಟ್ಟ. ಗದ್ದೆಗಳಿಗೆ ಕಾಲುವೆ ನೀರು ಬಿಡಲು ಏರಿ ಮೇಲೆ ಲೂನಾದಲ್ಲಿ ಹೋಗುವ ನೀರುಗಂಟಿಗಳು ಆ ಮಾತನ್ನು ಮಾತ್ರ ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಹಾರನ್ ಕೇಳಿದಾಗಲೆಲ್ಲ ಒಳಗಿನಿಂದ ಒಬ್ಬ ಮನುಷ್ಯ ಗಿರಾಕಿ ಬಂದನೆಂದು ಸೌಟು ಹಿಡಿದು ಓಡಿ ಬರುತ್ತಿದ್ದ. ಅವನೇ ಹೋಟೆಲಿನ ಯಜಮಾನ.

ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ದಾಯಾದಿಯೂ ಅಲ್ಲ, ನೆಂಟನೂ ಅಲ್ಲ, ಪಕ್ಕದ ಊರವನೆಂದು ಅಣ್ಣ. ಮೊದಲು ರೆಸಾರ್ಟಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಅಲ್ಲಿಯವರು ಥಾಯ್ಲೆಂಡಿನಿಂದ ಒಬ್ಬ ಅಡುಗೆಯವರನ್ನು ಕರೆಸಿದರು. ಅವರಿಗೆ ಕನ್ನಡ ಬಾರದು, ಅಣ್ಣನಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಮೂರು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕೈಸನ್ನೆಯಲ್ಲೇ ಕಾಲ ಹಾಕಿದರು. ಅವರು ತಮ್ಮ ದೇಶಕ್ಕೆ ಹೊರಟುಹೋದ ಮೇಲೆ ರೆಸಾರ್ಟಿನವರು ಆ ಅಡುಗೆಯನ್ನೇ ನಿಲ್ಲಿಸಿ ಅಣ್ಣನನ್ನು ಮತ್ತೆ ಈರುಳ್ಳಿಗೆ ಕೂರಿಸಿದರು. ಕಲಿತ ವಿದ್ಯೆ ಕೈಯಲ್ಲಿ ತುರಿಸುತ್ತಿತ್ತು. ಕೆಲಸ ಬಿಟ್ಟು ಬಂದು ಈ ಶೆಡ್ಡು ಹಿಡಿದ.

ಅವನು ಕಲಿತದ್ದೆಲ್ಲ ಗುರುವಿನ ಕೈ ನೋಡಿ. ಇದು ಅಡುಗೆ, ಇದು ನನ್ನ ಚಟ ಎಂದು ಬಿಡಿಸಿ ಹೇಳಲು ಗುರುವಿಗೆ ಮಾತಿಲ್ಲ. ಹಾಗಾಗಿ ಶಿಷ್ಯ ಎರಡನ್ನೂ ಕಲಿತಿದ್ದ. ಬಾಣಲೆಗೆ ಎಣ್ಣೆ ಬಿಡುವ ಮೊದಲು ಬಲಗಿವಿಯ ತುದಿ ಎಳೆದುಕೊಳ್ಳುತ್ತಿದ್ದ. ಸಾರು ಕುದಿ ಬಂದ ಕೂಡಲೇ ಎಡಗಾಲ ಮೇಲೆ ನಿಂತು ಬಲಗಾಲಲ್ಲಿ ಮೀನಖಂಡ ಕೆರೆದುಕೊಳ್ಳುತ್ತಿದ್ದ.

"ಕಾಲ್ ಯಾಕಣ್ಣ ಕೆರ್ಕೊಳ್ಳೋದು?" ಎಂದು ಒಮ್ಮೆ ಕೇಳಿದೆ.

"ಅದು ಅಂಗೇ ಮಾಡ್ಬೇಕು ಕಣ್ಲಾ. ಗುರುಗೊಳು ಒಂದಿನಾನೂ ತಪ್ಪುಸ್ತಿರ್ಲಿಲ್ಲ."

"ಸೊಳ್ಳೆ ಕಚ್ಚಿರ್ಬೋದು."

"ಮೂರ್ ವರ್ಸ ಅದೇ ಟೈಮ್ಗೆ ಬಂದು ಅದೇ ಜಾಗಕ್ಕೆ ಕಚ್ಚಾಕೆ ಸೊಳ್ಳೆ ಏನು ಗೌರ್ಮೆಂಟ್ ಕೆಲ್ಸದಾಗಿತ್ತಾ? ಬುಡ್ಲಾ."

ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಮಿಮಿಕ್ರಿಯಲ್ಲಿ ತಾಲೂಕಿಗೆ ನಾನೇ ಎಂದುಕೊಂಡಿದ್ದವನಿಗೆ ಇಲ್ಲೊಬ್ಬ ನಗದೆ, ನಗಿಸದೆ, ಇಡೀ ಒಬ್ಬ ಮನುಷ್ಯನನ್ನೇ ಮೈಮೇಲೆ ಹಾಕಿಕೊಂಡು ಓಡಾಡುತ್ತಿದ್ದ.

ಸಾಮಾನೆಲ್ಲ ಸುತ್ತಮುತ್ತಲಿನದೇ. ನಮ್ಮ ಹೆಂಗಸರು ಮಜ್ಜಿಗೆಗೆ ಹಾಕುವ ಮಜ್ಜಿಗೆಹುಲ್ಲನ್ನು ಅವನು ಮೀನಿನ ಸಾರಿಗೆ ಹಾಕುತ್ತಿದ್ದ. ಗುರು ಬಳಸುತ್ತಿದ್ದ ಯಾವುದೋ ನಿಂಬೆ ಜಾತಿಯ ಎಲೆ ಸಿಗದೆ ಹೇರಳೆಗಿಡದ ಎಲೆ ಕಿತ್ತು ತರುತ್ತಿದ್ದ. ಕೇರಳದ ಗಡಿಯ ಬಾವಲಿ ಕಡೆಯಿಂದ ಬರುವ ಒಬ್ಬ ಮಲೆಯಾಳಿ ವ್ಯಾಪಾರಿ, ಕಾಕ, ಬೇಯಿಸಿದರೆ ಮೇಣದಂತೆ ಅಂಟುವ ಒಂದು ಅಕ್ಕಿ ತಂದುಕೊಡುತ್ತಿದ್ದ. ಎಲ್ಲಕ್ಕಿಂತ ದೊಡ್ಡ ವಸ್ತುವೆಂದರೆ ಮೂಲೆಯ ಉಪ್ಪಿನಕಾಯಿ ಜಾಡಿ. ಹಿನ್ನೀರಿನ ಸಣ್ಣ ಮೀನನ್ನು ಉಪ್ಪು ಬೆರೆಸಿ ಅದರಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟು ಬಸಿದ 'ಮೀನಿನ ನೀರು'. ಅದರ ಮುಚ್ಚಳ ತೆಗೆದ ದಿನ ನೀರಾವರಿ ಕಾಲೋನಿಯವರು, ಕಾಲುವೆಯಲ್ಲಿ ಏನೋ ಸತ್ತಿದೆ ಎಂದು ಎರಡು ತೂಬಿನವರೆಗೂ ಹುಡುಕಿಕೊಂಡು ಹೋಗಿದ್ದರು.

ಬರುತ್ತಿದ್ದ ಗಿರಾಕಿಗಳ ಕತೆ ಬೇಡ. ಕಾಕನಕೋಟೆ ಕಡೆಯ ಫಾರೆಸ್ಟ್ ಗಾರ್ಡೊಬ್ಬ ಬಂದು, ಬಾಗಿಲ ಸ್ಲೇಟಿನಲ್ಲಿ 'ಹಸಿರು ಸಾರು, ಕೆಂಪು ಸಾರು, ಹುಳಿ ಮೀನು' ಎಂದು ಬರೆದದ್ದನ್ನು ಎರಡು ಸಲ ಓದಿ, "ಒಂದ್ ಟೀ ಕೊಡಪ್ಪ" ಎಂದಿದ್ದ. ರುಚಿ ನೋಡುವ ಕೆಲಸಕ್ಕೆ ಕಾಯಂ ಇದ್ದವನು ನಾನೊಬ್ಬ, ಅದೂ ಪುಕ್ಕಟೆ. ನಾನು ಚೆನ್ನಾಗಿದೆ ಎಂದರೆ ಅಣ್ಣನ ಹೆಂಡತಿ, ಅತ್ತಿಗೆ, "ಇವ್ನು ಕಲ್ಲು ಬೇಯಿಸ್ಕೊಟ್ರೂ ಚೆನ್ನಾಗದೆ ಅಂತನೆ. ಇವ್ನ ನಾಲ್ಗೆ ಬರೀ ಬ್ಯಾರೆಯೋರ ಮಾತಾಡಾಕೆ ಮಡಗಿರೋದು" ಎನ್ನುತ್ತಿದ್ದರು.

ಫೋನು ಮಾಡಿದ ಮರುದಿನ, ಶುಕ್ರವಾರ, ನನ್ನ ತಮಾಷೆ ಹೇಗೆ ಮೊಳೆತಿದೆ ನೋಡೋಣವೆಂದು ಏರಿ ಹತ್ತಿದೆ. ಅಣ್ಣ ಶೆಡ್ಡಿನ ಗೋಡೆಗೆ ಸುಣ್ಣ ಹೊಡೆಯುತ್ತಿದ್ದ. ರೆಪ್ಪೆಯ ಮೇಲೂ ಸುಣ್ಣ. ನನ್ನನ್ನು ಕಂಡವನೇ ಬ್ರಷ್ಷು ಬಿಟ್ಟು ಓಡಿ ಬಂದು ಎರಡೂ ಭುಜ ಹಿಡಿದುಕೊಂಡ.

"ಬತ್ತಾವ್ರೆ ಕಣ್ಲಾ! ಅನ್ನೆರಡ್ ಜನ! ಮ್ಯಾನೇಜರ್ ಸಾಯೇಬ್ರೇ ಫೋನ್ ಮಾಡಿದ್ರು. ಎಷ್ಟಾದ್ರೂ ನನ್ ಕೈ ರುಚಿ ಅವ್ರು ಮರ್ತಿಲ್ಲ ನೋಡು!"

ನಗಬೇಕೆಂದುಕೊಂಡು ಬಂದಿದ್ದೆ. ನಗು ಬರಲಿಲ್ಲ. ಬಾಗಿಲ ಬಳಿ ನೆಲ ಸಾರಿಸುತ್ತಿದ್ದ ಅತ್ತಿಗೆ ತಲೆ ಎತ್ತದೆಯೇ ಉಳಿದದ್ದನ್ನು ಹೇಳಿದರು.

"ಯುಗಾದಿಗಂಟ ಟೈಮ್ ಕೊಟ್ಟಿದ್ದೆ ಕಣಪ್ಪ ನಿಮ್ಮಣ್ಣಂಗೆ. ಒಂದೇ ಒಂದ್ ಪಂಕ್ತಿ ಜನ ಬಂದು, ಈ ಊಟವ ಎಲ್ಡನೇ ಸಲ ಇಕ್ಕುಸ್ಕೊಂಡು ಉಂಡು ಏಳ್ಬೇಕು. ಇಲ್ದಿದ್ರೆ ಬೋರ್ಡ್ ಇಳ್ಸಿ ಮುದ್ದೆ-ಬಾಡಿನ ಓಟ್ಲು ಮಾಡ್ಬೇಕು. ಒಪ್ಕೊಂಡವ್ರೆ. ಯುಗಾದಿ ಇನ್ ಮೂರ್ ದಿನ ಅಲ್ವಾ, ಪಾಪ, ನಿದ್ದೆ ಮಾಡ್ತಿರ್ಲಿಲ್ಲ. ನಿನ್ನೆ ಫೋನ್ ಬಂದ್ಮೇಲೂ ಮಾಡಿಲ್ಲ, ಅದು ಬ್ಯಾರೆ."

ನನ್ನ ಎದೆಯೊಳಗೆ ಏನೋ ಜಾಡಿಯ ಮುಚ್ಚಳ ತೆಗೆದ ಹಾಗಾಯಿತು. ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. "ಸುಣ್ಣ ಇನ್ನೊಂದ್ ಕೋಟ್ ಹೊಡೀಬೇಕು ಅಣ್ಣ" ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಆಮೇಲೆ ಬ್ರಷ್ಷು ಇಸಿದುಕೊಂಡು ಸಂಜೆಯವರೆಗೂ ನಾನೇ ಹೊಡೆದೆ.

ಹನ್ನೆರಡು ಜನರನ್ನು ಎಲ್ಲಿಂದ ತರುವುದು? ಸುಣ್ಣ ಬಳಿಯುತ್ತಲೇ ನೆನಪಾಯಿತು. ನಮ್ಮಕ್ಕನನ್ನು ಕೆ.ಆರ್. ನಗರದ ಕಡೆಗೆ ಕೊಟ್ಟಿತ್ತು. ಅದೇ ಭಾನುವಾರ ಅವಳ ಅತ್ತೆ ಮನೆಯವರು ಒಂದು ಟೆಂಪೋದಲ್ಲಿ ಅಣೆಕಟ್ಟೆ ನೋಡಲು ಬರುವವರಿದ್ದರು. ಮಧ್ಯಾಹ್ನಕ್ಕೆ ಅವರೇ ತರುವ ಬುತ್ತಿ, ಸಂಜೆಗೆ ನಮ್ಮ ಮನೆಯಲ್ಲಿ ಬಾಡೂಟ ಎಂದು ಮಾತಾಗಿತ್ತು. ಬರುವವರು ಅಕ್ಕನೂ ಸೇರಿ ಹನ್ನೊಂದು. ನಾನೊಬ್ಬ ಸೇರಿದರೆ ಪಂಕ್ತಿ ಭರ್ತಿ. ಶನಿವಾರ ಮತ್ತೆ ಅದೇ ಬೂತಿಗೆ ಹೋಗಿ, ಅಕ್ಕನ ಊರಿನ ಅಂಗಡಿಗೆ ಫೋನು ಹಚ್ಚಿ, ಬುತ್ತಿ ಕಟ್ಟಬೇಡಿ, ಇಲ್ಲಿ ಹೊಸಾ ತರದ ಊಟ ಏರ್ಪಾಟಾಗಿದೆ ಎಂದೆ. ಆಮೇಲೆ ಮೂಗು ಹಿಡಿದುಕೊಂಡು ಹೋಟೆಲಿಗೆ ಎರಡನೇ ಫೋನು.

"ಫಾರಿನ್ ಗೆಸ್ಟುಗಳಿಗೆ ಜ್ವರ ಬಂದಿದೆ, ಓಕೆ? ಅವರ ಬದಲು ನಮ್ಮ ಓನರ್ ಕಡೆಯವರು ಕೆ.ಆರ್. ನಗರದಿಂದ ಬರ್ತಾರೆ. ಪರವಾಗಿಲ್ವಾ?"

ಅಣ್ಣ ಆ ಕಡೆಯಿಂದ ಹೇಳಿದ: "ಯಾರಾದ್ರೇನು ಸಾ, ಬಾಯಿದ್ರಾಯ್ತು."

ಈ ಸಲ ಗೆಳೆಯನೂ ನಗಲಿಲ್ಲ. ಚೀಟಿ ಹರಿದು ಕೈಗೆ ಕೊಟ್ಟ.

ಭಾನುವಾರ ಟೆಂಪೋ ಏರಿ ಮೇಲೆ ಬಂದು, ಬೋರ್ಡು ಓದಿ, ಜೋರಾಗಿ ಹಾರನ್ ಮಾಡಿತು. ಅಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಹೊರಗೆ ಬಂದ. ಟೆಂಪೋದಿಂದ ಮೊದಲು ಇಳಿದದ್ದು ಅಕ್ಕನ ಮಾವ. ಗದ್ದೆ ಬಯಲಿನ ಭಾರಿ ಕುಳ, ಪಂಚೆ, ಹೆಗಲ ಮೇಲೆ ಟವೆಲು, ಮೂರು ದಿನದ ನೆಗಡಿ.

"ಏನ್ಲಾ ಹೈದ, ನಿಮ್ ಕೋಟೆಯೋರು ಬೀಗ್ರಿಗೆ ಊಟ ಇಕ್ಕಾಕೆ ಕಾಲ್ವೆ ಏರಿನೇ ಬೇಕಾಯ್ತಾ? ಮನ್ಲಿ ಕ್ವಾಣೆ ಬಿದ್ದೋಯ್ತಾ?" ಎಂದರು.

"ಇದು ಸ್ಪೆಷಲ್ ಮಾವ, ಫಾರಿನ್ ಊಟ," ಎಂದು ಪಿಸುಗುಟ್ಟಿ ಬೇಗ ಬೇಗ ಒಳಗೆ ಕರೆದುಕೊಂಡು ಹೋದೆ. ಅಣ್ಣನಿಗೆ ಏನೂ ಕೇಳದಿರಲಿ ಎಂದು ಮಧ್ಯೆ ಮಧ್ಯೆ ದೊಡ್ಡದಾಗಿ ಕೆಮ್ಮುತ್ತಿದ್ದೆ. ನೆಗಡಿ ಅವರಿಗೆ, ಕೆಮ್ಮು ನನಗೆ.

ಚಾಪೆ ಹಾಸಿ ಬಾಳೆಎಲೆ ಹಾಕಿತ್ತು. ಅಣ್ಣ ಒಬ್ಬೊಬ್ಬರ ಎಲೆಗೂ ಅಂಟಿನ ಅಕ್ಕಿಯ ಅನ್ನವನ್ನು ಗುರು ಮಾಡುತ್ತಿದ್ದಂತೆಯೇ ಉಂಡೆ ಕಟ್ಟಿ ಇಟ್ಟ. ಪಕ್ಕದಲ್ಲಿ ಮೀನಿನ ಹಸಿರು ಸಾರು. ನಮ್ಮ ಕಡೆ ಪಂಕ್ತಿಯಲ್ಲಿ ಹಿರಿಯರು ಮೊದಲ ತುತ್ತು ಬಾಯಿಗಿಡುವವರೆಗೆ ಉಳಿದವರು ಕೈ ಮುಟ್ಟಿಸುವುದಿಲ್ಲ, ಮತ್ತು ಹೊಸ ಊಟವಾದರೆ ಹಿರಿಯರು ಹೇಗೆ ತಿನ್ನುತ್ತಾರೋ ಹಾಗೆಯೇ ತಿನ್ನುವುದು. ಮಾವ ಉಂಡೆಯನ್ನು ನೋಡಿದರು. ಉಂಡೆಯಾಗಿದೆ, ಪಕ್ಕದಲ್ಲಿ ಸಾರಿದೆ, ಇನ್ನೇನು ವಿಚಾರ? ದೊಡ್ಡದೊಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿ, ಗುಟುಕ್ಕನೆ ನುಂಗಿದರು. ಮಿಕ್ಕ ಹತ್ತು ಜನರೂ ಹಾಗೆಯೇ ನುಂಗಿದರು.

ಮುದ್ದೆ ಜಾರುತ್ತದೆ. ಈ ಅನ್ನ ಜಾರುವ ಜಾತಿಯದ್ದಲ್ಲ. ಮಾವನ ಕಣ್ಣು ಅಗಲವಾಯಿತು. ಕೊರಳು ಕೋಳಿಯ ಹಾಗೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಯಿತು. ಪಂಕ್ತಿಯುದ್ದಕ್ಕೂ ಅದೇ, ಹನ್ನೊಂದು ಕೊರಳು ಒಟ್ಟಿಗೆ.

"ಅಗೀಬೇಕು ಬುದ್ದಿ! ಅಗೀಬೇಕು!" ಅಣ್ಣ ನೀರಿನ ಚೊಂಬು ಹಿಡಿದು ಓಡಿದ.

ನೀರು ಕುಡಿದು, ಎದೆಗೆ ಎರಡು ಗುದ್ದಿಕೊಂಡು, ಮಾವ ಉಸಿರು ತೆಗೆದುಕೊಂಡರು. "ಉಂಡೆ ಅಗ್ಯೋದುಂಟೇನಯ್ಯಾ? ಚಿಕ್ಕೋನಾಗಿದ್ದಾಗ ಒಂದಪ ಮುದ್ದೆ ಅಗ್ದೆ ಅಂತ ನಮ್ಮಪ್ಪ ಬೆನ್ಗೆ ಗುದ್ದಿದ್ದ. ಅರವತ್ ವರ್ಸಾಯ್ತು, ಆವತ್ನಿಂದ ಅಗ್ದಿಲ್ಲ."

"ಇವತ್ತೊಂದಪ ಅಗೀರಿ ಬುದ್ದಿ, ನಿಮ್ಮಪ್ಪಾರು ನೋಡಾಕಿಲ್ಲ," ಎಂದರು ಬಡಿಸುತ್ತಿದ್ದ ಅತ್ತಿಗೆ.

ಅಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾನೇ ತೋರಿಸಿಕೊಟ್ಟ. ಚಿಟಿಕೆಯಷ್ಟು ಮುರಿ, ಬೆರಳಲ್ಲಿ ಒತ್ತು, ಸಾರಿಗೆ ಮುಟ್ಟಿಸು, ಬಾಯಿಗಿಡು, ಅಗಿ, ಕಣ್ಣು ಮುಚ್ಚು, ಕಿವಿ ಎಳೆದುಕೋ. ಹನ್ನೊಂದು ಜನರೂ ಅಗಿದು, ಕಣ್ಣು ಮುಚ್ಚಿ, ಕಿವಿ ಎಳೆದುಕೊಂಡರು. ನಾನು ಹನ್ನೆರಡನೆಯವನು. ಇಡೀ ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ಮಿಮಿಕ್ರಿ ಮಾಡಿದ್ದನ್ನು ನಾನು ಮತ್ತೆ ನೋಡಿಲ್ಲ.

ಆಮೇಲೆ ಸಾರಿನಲ್ಲಿದ್ದ ಮಜ್ಜಿಗೆಹುಲ್ಲಿನ ದಂಟುಗಳ ಸರದಿ. ಅವು ಘಮಕ್ಕೆ ಹಾಕಿದವು, ತಿನ್ನಲಿಕ್ಕಲ್ಲ. ಇವರು ನುಗ್ಗೇಕಾಯಿ ಎಂದುಕೊಂಡು ಅಗಿದು ಅಗಿದು ಎಲೆಯ ಪಕ್ಕ ನಾರಿನ ಗುಡ್ಡೆ ಹಾಕಿದರು. ಅಕ್ಕನ ಅತ್ತೆ ಒಂದು ದಂಟನ್ನು ಎತ್ತಿ ಹಿಡಿದು, "ಈ ಹುಲ್ಲು ನಮ್ ಹಿತ್ಲಲ್ಲೂ ಅದೆ. ಎಮ್ಮೆನೂ ಮೂಸಾಕಿಲ್ಲ. ಬೀಗ್ರಿಗೆ ಅಂತ ಹುಡ್ಕಿ ತಂದವ್ರೆ," ಎಂದರು. ಎಂದರೇ ಹೊರತು ಸೊರಸೊರ ಸಾರು ಕುಡಿಯುವುದನ್ನು ನಿಲ್ಲಿಸಲಿಲ್ಲ.

ಅಣ್ಣ ಒಲೆಯ ಬಳಿ ನಿಂತು ಒಂದೊಂದೇ ಎಲೆಯನ್ನು ನೋಡುತ್ತಿದ್ದ. ಸಾರು ಕುದಿಯುತ್ತಿದ್ದರೂ ಕಾಲು ಕೆರೆದುಕೊಳ್ಳುವುದನ್ನು ಮರೆತಿದ್ದ. ಅತ್ತಿಗೆಯೂ ಎಲೆಗಳನ್ನೇ ನೋಡುತ್ತಿದ್ದರು. ಮಾವ ಮೂಗು ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಕಣ್ಣಲ್ಲಿ ನೀರು. ಕೊನೆಗೆ ಒಂದು ದೊಡ್ಡ ಉಸಿರು ಎಳೆದು, "ಮೂಗು ಬುಟ್ಕತ್ತು ಕಣಯ್ಯ! ಮೂರ್ ದಿನದಿಂದ ಕಟ್ಕಂಡಿತ್ತು. ತಾ, ಇನ್ನೊಸಿ ಸಾರ್ ಬುಡು," ಎಂದರು. ಹಿರಿಯರು ಎರಡನೇ ಸಲ ಕೇಳಿದರೆಂದು ಪಂಕ್ತಿಗೆ ಪಂಕ್ತಿಯೇ ಎಲೆ ಮುಂದೆ ತಳ್ಳಿತು.

ಅಣ್ಣನ ಮುಖ ನೋಡಬೇಕಿತ್ತು. ಸುಣ್ಣ ಹೊಡೆದ ಗೋಡೆಗಿಂತ ಹೆಚ್ಚು ಬೆಳಗುತ್ತಿತ್ತು. ಅಲ್ಲಿಗೆ ಎಲ್ಲ ಮುಗಿಯಿತು, ಬಚಾವಾದೆ ಎಂದುಕೊಂಡೆ. ಅವನು ಕೈ ಮುಗಿದು ಮಾವನ ಮುಂದೆ ಬಾಗಿದ.

"ಬುದ್ದಿ, ನಿಮ್ ರೆಸಾರ್ಟಿನ ಓನರ್ಗೊಂದ್ ಮಾತ್ ಏಳ್ಬುಡಿ. ತಿಂಗ್ಳಿಗೊಂದ್ ಪಂಕ್ತಿ ಕಳ್ಸುದ್ರೆ ಸಾಕು."

"ಯಾವ ರೆಸಾರ್ಟಯ್ಯಾ?" ಮಾವ ಬೆರಳು ನೆಕ್ಕುತ್ತ ಕೇಳಿದರು. "ನಾವು ಈ ಹೈದನ್ ಅಕ್ಕನ ಅತ್ತೆ ಮನೆಯೋರು. ಇವ್ನೇ ಫೋನ್ ಮಾಡಿ ಬುತ್ತಿ ಬ್ಯಾಡ ಅಂದ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಿಜ ಹೇಳಲೆಂದೇ ಬಾಯಿ ತೆರೆದೆ. ಹೆದರಿದಾಗ ನನಗೆ ನನ್ನ ದನಿ ಬರುವುದಿಲ್ಲ. ಮೂಗಿನಿಂದ ಹೊರಟದ್ದು ಮ್ಯಾನೇಜರರು: "ಅದು... ನಾನೇ ಫೋನ್ ಮಾಡಿದ್ದು, ಓಕೆ? ಓಕೆ ಓಕೆ..."

ಯಾರೂ ನಗಲಿಲ್ಲ. ಅಣ್ಣ ನನ್ನನ್ನು ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ನನ್ನ ಬಾಯನ್ನೇ ನೋಡಿದ. "ಎಲ್ಡ್ ಸಲನೂ ನೀನೇಯಾ?" ಎಂದ. ತಲೆಯಾಡಿಸಿದೆ. "ಅಂಗಾದ್ರೆ ನನ್ ಕೈ ಅಡ್ಗೆ ಬೇಕು ಅಂತ ಯಾರೂ ಕೇಳ್ಲೇ ಇಲ್ಲ," ಎಂದು, ಮೂಲೆಯ ಸ್ಟೂಲು ಎತ್ತಿಕೊಂಡು ಹೊರಗೆ ನಡೆದ. ನಾನು ಹಿಂದೆ ಓಡಿದೆ. ಅವನಾಗಲೇ ಸ್ಟೂಲು ಹತ್ತಿ, ಆನೆಯ ಕಡೆಯಿಂದ ಬೋರ್ಡಿನ ಮೊಳೆ ಕೀಳುತ್ತಿದ್ದ. ಕ್ಷಮಿಸಣ್ಣ ಎಂದೆ. ಯುಗಾದಿಗೆ ಇನ್ನೂ ಒಂದು ದಿನ ಇದೆ ಎಂದೆ. ನನ್ನ ಯಾವ ಮಾತನ್ನು ನಂಬಬೇಕೋ ತಿಳಿಯದೆಯೋ ಏನೋ, ಅವನು ಇನ್ನೊಂದು ಮೊಳೆಗೆ ಕೈ ಹಾಕಿದ.

ಅತ್ತಿಗೆ ಬಾಗಿಲಿಗೆ ಬಂದರು. ಕೈಯಲ್ಲಿ ಸಾರಿನ ಬಕೆಟ್ಟು. ಅಣ್ಣ ಅವರ ಕಡೆ ತಿರುಗದೆ ಹೇಳಿದ: "ಮಾತು ಅಂದ್ರೆ ಮಾತು ಕಣಮ್ಮಿ. ಇದು ಲೆಕ್ಕಕ್ಕಿಲ್ಲ. ಸುಳ್ ಪಂಕ್ತಿ. ನಾಳೆಯಿಂದ ಮುದ್ದೆನೇ ಮಾಡೋವ."

ಅತ್ತಿಗೆ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡರು.

"ಕರ್ದೋನು ಸುಳ್ಳು ಕಣ್ರೀ, ಉಂಡೋರು ಸುಳ್ಳಾ? ಇಳೀರಿ ಕೆಳೀಕೆ, ಆ ಯಜಮಾನ್ರು ಮೂರ್ನೇ ಸಲ ಸಾರ್ ಕೇಳ್ತಾವ್ರೆ."